ರೇಟಿನ ಮಾತು ಎತ್ತಬ್ಯಾಡ್ರಿ

ಭಾನುವಾರ, ಬೆಳಿಗ್ಗೆ ಒಂಬತ್ತೂವರೆ. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಗಳಲ್ಲಿ ಇವತ್ತು ಶಿಫ್ಟಿನ ಬಸ್ಸುಗಳಿಲ್ಲ, ಗೇಟುಗಳ ಮುಂದೆ ಕಂಟೇನರ್ ಸಾಲಿಲ್ಲ. ಗುಡ್ಡದ ನೆತ್ತಿಯ ಬಯಲು ಇದು. ಮಳೆ ನಿಂತು ತಿಂಗಳಾಗಿದೆ, ಚಿರೆಕಲ್ಲಿನ ಸಂದಿಯ ಹುಲ್ಲು ಆಗಲೇ ಹಳದಿಗೆ ತಿರುಗಿದೆ. ಕೆಳಗೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಡಗಾಂವ್ ಕಡೆಯಿಂದ ಜುವಾರಿ ಸೇತುವೆಯತ್ತ ಹೋಗುವ ವಾಹನಗಳ ಸದ್ದು ಗಾಳಿಯ ಜೊತೆ ಬಂದು ಹೋಗುತ್ತದೆ. ಬಾಡಿಗೆ ಚಾಳಿನ ಮುಂದೆ ಬೆಳ್ಳಿ ಬಣ್ಣದ ವ್ಯಾಗನಾರ್ ನಿಂತಿದೆ: 2016ರ ಗಾಡಿ, ಜಿಎ-08 ನಂಬರು, ಸಿಂಗಲ್ ಓನರ್. ಓನರ್ ಅಂದರೆ ನನ್ನ ಗೆಳೆಯ, ಬಾದಾಮಿ ಕಡೆಯವನು, ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್. ಲುಂಗಿ ಮಡಚಿ ಕಟ್ಟಿ, ಬಕೆಟ್ಟಿನಲ್ಲಿ ಶ್ಯಾಂಪೂ ಕದಡಿ, ಗಾಡಿ ತೊಳೆಯುತ್ತಿದ್ದಾನೆ. ಊರಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಗೋಡೆ ಎದ್ದು ನಿಂತಿದೆ, ಸ್ಲ್ಯಾಬಿಗೆ ದುಡ್ಡು ಬೇಕು. ಅದಕ್ಕೇ ಕಾರು ಮಾರಾಟ.

ಶುಕ್ರವಾರ ರಾತ್ರಿ ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಆರು ಫೋಟೋ ಹಾಕಿದ್ದಾನೆ. ಬೆಲೆ 3,10,000. ಫೋನ್ ಕಿಟಕಿಯ ಸರಳಿನ ಮೇಲಿದೆ. ಅದು ಗುಂಯ್ ಎಂದಾಗಲೆಲ್ಲ ಒದ್ದೆ ಕೈ ಲುಂಗಿಗೆ ಒರೆಸಿಕೊಂಡು ಓಡುತ್ತಾನೆ.

ಈ ಸಲ ಸ್ಪೀಕರ್ ಹಾಕಿದ್ದಾನೆ, ನನಗೂ ಕೇಳಲಿ ಅಂತ. ‘ಜೈ ಹಿಂದ್ ಸರ್!’ ಗಟ್ಟಿ ದನಿ, ಚುಟುಕು ಹಿಂದಿ. ತಾನು ಸಿಐಎಸ್‌ಎಫ್ ಜವಾನ, ದಾಬೋಳಿ ವಿಮಾನ ನಿಲ್ದಾಣದಲ್ಲಿ ಡ್ಯೂಟಿ. ಗಾಡಿ ಫೋಟೋದಲ್ಲೇ ಹಿಡಿಸಿದೆ, ಚೌಕಾಶಿ ಏನಿಲ್ಲ, ಮಧ್ಯಾಹ್ನ ಹುಡುಗನನ್ನು ಕಳಿಸಿ ಒಯ್ಯುತ್ತೇನೆ, ಈಗ ಟೋಕನ್ ಐದು ಸಾವಿರ ಹಾಕುತ್ತೇನೆ. ಫೋನ್ ಇಡುವುದರೊಳಗೆ ವಾಟ್ಸಾಪಿಗೆ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಯೂನಿಫಾರ್ಮಿನಲ್ಲಿ ನಿಂತ ಚಿತ್ರ, ಒಂದರ ಹಿಂದೊಂದು ಬಂದು ಬೀಳುತ್ತವೆ.

ದಾಬೋಳಿಗೆ ಇಲ್ಲಿಂದ ಅರ್ಧ ತಾಸಿನ ದಾರಿ. ಅಲ್ಲಿ ಸಿಐಎಸ್‌ಎಫ್ ಕಾವಲಿರುವುದು ನಿಜ, ಪಕ್ಕದಲ್ಲೇ ಐಎನ್‌ಎಸ್ ಹಂಸ ನೌಕಾನೆಲೆ ಇರುವುದೂ ನಿಜ. ವೆರ್ಣಾದವನಿಗೆ ಫೋನ್ ಮಾಡಿದರೆ ದಾಬೋಳಿ, ಬೆಳಗಾವಿಯವನಿಗೆ ಮಾಡಿದರೆ ಮರಾಠಾ ರೆಜಿಮೆಂಟು. ವೇಷ ಆಯಾ ಊರಿನ ಅಳತೆಗೆ ಹೊಲಿದದ್ದು. ಗೆಳೆಯನ ಮುಖ ಮಾತ್ರ ಅರಳಿದೆ. ‘ಮಿಲಿಟರಿ ಮಂದಿ ನೋಡು, ಸುಳ್ ಹೇಳಾಂಗಿಲ್ಲ’ ಎನ್ನುತ್ತಾನೆ.

ಮುಂದಿನ ಮೆಸೇಜು ಒಂದು ಕ್ಯೂಆರ್ ಕೋಡ್. ನೀವೂ ಸ್ವಲ್ಪ ಬಗ್ಗಿ ನೋಡಿ. ಚೌಕಟ್ಟಿನ ಸುತ್ತ ಹಸಿರು ಅಂಚು, ಮೇಲೆ ದಪ್ಪ ಅಕ್ಷರದಲ್ಲಿ ‘ನಿಮಗೆ ಬರಬೇಕಾದ ಮೊತ್ತ ₹5,000’, ಕೆಳಗೆ ಒಂದು ಸರಿ ಗುರುತು. ಇದೆಲ್ಲ ಯಾರೋ ಕೂತು ಬರೆದ ಚಿತ್ರ. ನಡುವಿನ ಕಪ್ಪು ಚುಕ್ಕೆಗಳಿಗೂ ಆ ಬರಹಕ್ಕೂ ಸಂಬಂಧವೇ ಇಲ್ಲ. ಗೆಳೆಯ ಅದನ್ನು ಗ್ಯಾಲರಿಗೆ ಇಳಿಸಿ ಸ್ಕ್ಯಾನ್ ಮಾಡುತ್ತಾನೆ. ಪರದೆ ಬದಲಾಗುತ್ತದೆ: ‘ಪೇಯಿಂಗ್ ಟು’, ಮುಂದೆ ಯಾವುದೋ ಜನರಲ್ ಸ್ಟೋರಿನ ಹೆಸರು, ಅದರ ಕೆಳಗೆ 5,000, ಇನ್ನೂ ಕೆಳಗೆ ಪಿನ್ ಒತ್ತಲು ಖಾಲಿ ಗೆರೆಗಳು. ಹೆಬ್ಬೆರಳು ಅಲ್ಲೇ ನಿಂತುಬಿಡುತ್ತದೆ.

‘ರೊಕ್ಕ ಬರೂದಕ್ಕ ಪಿನ್ ಯಾಕೋ?’

ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಅದರಲ್ಲಿ ಪಿನ್ ಒತ್ತುವುದು ದುಡ್ಡು ಕಳಿಸುವವನು. ಪಡೆಯುವವನು ಏನನ್ನೂ ಒತ್ತಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ, ಮಲಗಿದ್ದರೂ ಖಾತೆಗೆ ಬಂದು ಬೀಳುತ್ತದೆ. ಇಷ್ಟು ತಿಳಿದವರೂ ಸಿಕ್ಕಿಬೀಳುತ್ತಾರೆ. 2021ರ ಫೆಬ್ರವರಿಯಲ್ಲಿ ಆಗಿನ ದೆಹಲಿ ಮುಖ್ಯಮಂತ್ರಿಯ ಮಗಳು ಹಳೇ ಸೋಫಾ ಮಾರಲು ಹೋಗಿ 34,000 ರೂಪಾಯಿ ಕಳೆದುಕೊಂಡರು. ಕೊಳ್ಳುವವನು ಮೊದಲು ಸಣ್ಣ ಮೊತ್ತವೊಂದನ್ನು ನಿಜವಾಗಿಯೇ ಹಾಕಿದ್ದ. ಆಮೇಲೆ ಬಂದ ಕ್ಯೂಆರ್ ಕೋಡಿಗೆ 20,000 ಹೋಯಿತು. ತಪ್ಪಾಯಿತು, ವಾಪಸ್ ಕೊಡುತ್ತೇನೆ ಎಂದು ಮತ್ತೊಂದು ಕಳಿಸಿದ, 14,000 ಹೋಯಿತು. ಇದೇ ವಂಚನೆಯ ಇನ್ನೊಂದು ಬಾಗಿಲು ‘ದುಡ್ಡು ಕೊಡಿ’ ಎಂದು ಎದುರಿನವನಿಗೆ ಕಳಿಸುವ ಕಲೆಕ್ಟ್ ರಿಕ್ವೆಸ್ಟು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಬೇಡಿಕೆಗಳನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ಮುಚ್ಚಿಸಿದೆ. ಕ್ಯೂಆರ್ ಕೋಡನ್ನು ಯಾರು ಮುಚ್ಚಿಸಲಾದೀತು, ಅದು ಕೊತ್ತಂಬರಿ ಮಾರುವವರ ಗಾಡಿಯ ಮೇಲೂ ಇದೆ.

ಗೆಳೆಯ ಹಿಂದಕ್ಕೆ ಬಂದು ಫೋನ್ ಮಾಡುತ್ತಾನೆ: ನನ್ನ ನಂಬರಿಗೇ ಹಾಕಿ ಸರ್, ಸ್ಕ್ಯಾನ್ ಗೀನ್ ಬೇಡ. ಆ ಕಡೆಯ ದನಿ ಸಮಾಧಾನದಿಂದಲೇ ಶುರುಮಾಡುತ್ತದೆ. ಫೌಜಿ ಖಾತೆ ಬೇರೆಯೇ ತರಹ, ಉಲ್ಟಾ ನಡೆಯುತ್ತದೆ, ನೀವು ಐದು ಹಾಕಿದರೆ ನಿಮಗೆ ಹತ್ತು ಬರುತ್ತದೆ. ಒಪ್ಪದಿದ್ದಾಗ ದನಿ ಏರುತ್ತದೆ: ದೇಶ ಕಾಯುವವನನ್ನು ನಂಬುವುದಿಲ್ಲವೇ? ಆಮೇಲೆ ಬೈಗುಳ, ಆಮೇಲೆ ಕಟ್. ಹತ್ತು ನಿಮಿಷಕ್ಕೆ ಬೇರೊಂದು ನಂಬರಿನಿಂದ ಎಸ್ಸೆಮ್ಮೆಸ್ಸು: ನಿಮ್ಮ ಖಾತೆಗೆ 50,000 ಜಮೆ. ಬೆನ್ನಿಗೇ ಫೋನು: ಅಣ್ಣಾ, ಒಂದು ಸೊನ್ನೆ ಜಾಸ್ತಿ ಬಿತ್ತು, 45,000 ವಾಪಸ್ ಹಾಕಿ. ಎಸ್ಸೆಮ್ಮೆಸ್ಸು ಬಂದದ್ದು ಹತ್ತಂಕಿಯ ಮೊಬೈಲ್ ನಂಬರಿನಿಂದ. ಬ್ಯಾಂಕು ಹಾಗೆ ಬರೆಯುವುದಿಲ್ಲ. ಗೆಳೆಯ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುತ್ತಾನೆ, ನಿನ್ನೆ ಇದ್ದಷ್ಟೇ ಇದೆ. ಈಗ ಅವನಿಗೂ ನಗು.

ಇವೆಲ್ಲ ಚಿಲ್ಲರೆ ಕಳ್ಳರ ಆಟ. ದೊಡ್ಡವನು ಶನಿವಾರವೇ ಫೋನಿನಲ್ಲಿ ಬಂದು ಹೋಗಿದ್ದಾನೆ, ಗೆಳೆಯ ಅವನನ್ನು ಕಳ್ಳರ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

‘ಪಣಜಿ ಪಾರ್ಟಿ’ ಎಂದು ಗೆಳೆಯ ಫೋನಿನಲ್ಲಿ ಅವನ ಹೆಸರು ಹಾಕಿಕೊಂಡಿದ್ದಾನೆ. ಏಜೆಂಟಂತೆ, ಹಳೇ ಕಾರಿನ ವ್ಯಾಪಾರವಂತೆ. ಮೆತ್ತನೆ ಮಾತು. ಟೋಕನ್ ಇಲ್ಲ, ಕ್ಯೂಆರ್ ಇಲ್ಲ. 3,10,000ಕ್ಕೆ ಒಪ್ಪಿದ್ದಾನೆ, ಆರ್‌ಸಿ ಮತ್ತು ಆಧಾರ್ ಫೋಟೋ ತರಿಸಿಕೊಂಡಿದ್ದಾನೆ. ಕೇಳಿದ್ದು ಒಂದೇ ಒಂದು. ನಾನು ಒಬ್ಬರಿಗೆ ದುಡ್ಡು ಕೊಡಬೇಕು, ಲೆಕ್ಕ ಜಗ್ಗಾಡುತ್ತಿದೆ, ಗಾಡಿ ಅವರಿಗೇ ಕೊಡಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದೇನೆ. ಗಾಡಿ ನೋಡಲು ಅವರು ಬರುತ್ತಾರೆ, ತೋರಿಸಿ. ರೇಟಿನ ಮಾತು ಮಾತ್ರ ಎತ್ತಬೇಡಿ. ಅವರು ಕೇಳಿದರೆ ನಾನು ನಿಮ್ಮ ತಮ್ಮ ಅಂದುಬಿಡಿ. ನಿಮ್ಮ ದುಡ್ಡು ನಿಮ್ಮ ಖಾತೆಗೆ ಬಂದ ಮೇಲೇ ಕೀಲಿ ಕೊಡುವಿರಂತೆ.

ಕೊನೆಯ ವಾಕ್ಯ ಗೆಳೆಯನನ್ನು ಗೆದ್ದಿದೆ. ದುಡ್ಡು ಬಂದ ಮೇಲೆ ಕೀಲಿ ಎನ್ನುವವನಲ್ಲಿ ಮೋಸ ಎಲ್ಲಿಂದ ಬರಬೇಕು!

ಹನ್ನೊಂದಕ್ಕೆ ಸ್ಕೂಟರು ಬರುತ್ತದೆ. ಇಳಿದವರಿಗೆ ಐವತ್ತರ ಸುಮಾರು, ಉಗುರ ಸಂದಿಯಲ್ಲಿ ಆರದ ಸಿಮೆಂಟು, ಹಿಂದೆ ಹದಿನೆಂಟರ ಹುಡುಗ. ಜುವಾರಿನಗರದಿಂದ ಬಂದೆವು ಎನ್ನುತ್ತಾರೆ, ಹಿಂದಿಯಲ್ಲಿ. ಗೆಳೆಯನೂ ಹಿಂದಿಯಲ್ಲೇ ಬನ್ನಿ ಎನ್ನುತ್ತಾನೆ. ಗೋವಾದಲ್ಲಿ ಗುರುತಿಲ್ಲದ ಇಬ್ಬರು ಕೂಲಿಜನ ಎದುರಾದರೆ ಮೊದಲು ಬರುವುದು ಈ ಅರ್ಧಂಬರ್ಧ ಹಿಂದಿಯೇ.

ಗಾಡಿ ನೋಡುವುದರಲ್ಲಿ ಅವರು ಪಳಗಿದವರು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ತಿಕ್ಕುತ್ತಾರೆ. ಬಾಗಿಲ ರಬ್ಬರ್ ಜಗ್ಗಿ ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ಸವರುತ್ತಾರೆ. ಮ್ಯಾಟ್ ಎತ್ತಿ ತುಕ್ಕು ನೋಡುತ್ತಾರೆ. ಮಳೆನಾಡಿನ ಗಾಡಿ, ಅದು ನೋಡಬೇಕಾದದ್ದೇ. ಎಡಗಡೆ ಹಿಂಬಾಗಿಲಿನ ಟಚಪ್ಪನ್ನು ದೂರದಿಂದಲೇ ಹಿಡಿಯುತ್ತಾರೆ. ಹುಡುಗ ಎಸಿ ಹಾಕಿ, ಆರಿಸಿ, ಮತ್ತೆ ಹಾಕುತ್ತಾನೆ. ಎಲ್ಲ ಆಯಿತು. ಅರ್ಧ ತಾಸಾಯಿತು. ಚಹಾ ಬಂತು.

ರೇಟು ಮಾತ್ರ ಬಾಯಿಗೆ ಬರಲಿಲ್ಲ. ಅರ್ಧ ಕಿಲೋ ಬದನೆಕಾಯಿಗೆ ಹತ್ತು ಮಾತಾಡುವ ಜನ ನಾವು. ಕಾರು ಕೊಳ್ಳಲು ಬಂದವರು ಎಷ್ಟು ಅಂತ ಕೇಳುವುದಿಲ್ಲ, ಮಾರುವವನು ಇಷ್ಟು ಅಂತ ಹೇಳುವುದಿಲ್ಲ. ಇಬ್ಬರೂ ಚಹಾದ ಲೋಟ ನೋಡುತ್ತ ಕೂತಿದ್ದಾರೆ, ಇಬ್ಬರ ಫೋನೂ ಆಗಾಗ ಮಿನುಗುತ್ತದೆ. ನನಗೆ ಕೂತಲ್ಲೇ ಕಸಿವಿಸಿ.

ಅಷ್ಟರಲ್ಲಿ ಬಂದವರ ಫೋನ್ ರಿಂಗಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಸರಿದು, ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ‘ಹೂಂ... ನೋಡೀನಿ. ಚಲೋ ಐತಿ. ಸಿಂಗಲ್ ಓನರ್ ಐತಿ. ಈಗ ರೊಕ್ಕ ಹಾಕಿ ತಗೊಂಡ ಬರ್ತೇವಿ. ನೀ ಆರತಿ ತಯಾರ ಮಾಡಿಡು.’

ಗೆಳೆಯನ ಲೋಟ ಅರ್ಧದಲ್ಲೇ ನಿಲ್ಲುತ್ತದೆ. ‘ಯಾವೂರ್ರೀ ನಿಮ್ದು?’

‘ಹೊಳೆಆಲೂರ್ರಿ. ರೋಣ ತಾಲ್ಲೂಕು. ಇಲ್ಲಿ ಗೌಂಡಿ ಕೆಲ್ಸ.’

‘ಅಯ್ಯ! ನಾವು ಬಾದಾಮಿ ಕಡೇರ್ರಿ. ಅರ್ಧ ತಾಸಿಂದ ಇಬ್ರೂ ಹಿಂದಿ ಹೊಡಿಯಾಕತ್ತೇವಲ್ರೀ!’

ಈಗ ಚಹಾ ಎರಡನೇ ಸಲ ಬರುತ್ತದೆ. ಮಲಪ್ರಭೆ, ಈ ವರ್ಷದ ಮಳೆ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ, ಎಲ್ಲ ಬರುತ್ತದೆ. ಬಾದಾಮಿಯ ಮನೆಯ ಸ್ಲ್ಯಾಬು ಎಷ್ಟು ಚದರ, ಸರಳು ಎಷ್ಟು ಎಂಎಂ ಎಂದು ಗೌಂಡಿ ಕೇಳುತ್ತಾರೆ, ಹತ್ತು ಎಂಎಂ ಸಾಲದು ಎನ್ನುತ್ತಾರೆ. ಗೆಳೆಯನ ಮನಸ್ಸಿನಲ್ಲಿ ಒತ್ತಿಟ್ಟದ್ದು ಇನ್ನು ನಿಲ್ಲುವುದಿಲ್ಲ.

‘ಕಾಕಾ, ಒಂದ್ ಮಾತ್ ಕೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ನಿಮಗ ಎಷ್ಟಕ್ಕ ಮಾತಾಗೇತ್ರಿ?’

ಗೌಂಡಿ ಹುಡುಗನ ಮುಖ ನೋಡುತ್ತಾರೆ. ‘ನಿಮ್ಮ ಮುಂದ ರೊಕ್ಕದ ಮಾತು ಎತ್ತಬ್ಯಾಡ ಅಂತ ಹೇಳ್ಯಾನ್ರಿ ನಿಮ್ಮ ತಮ್ಮ. ಅಣ್ಣಗ ಗಾಡಿ ಮ್ಯಾಲ ಭಾಳ ಮಾಯೆ, ರೇಟ್ ಕೇಳಿದ್ರ ಮನಸ್ಸು ತಿರಗತೈತಿ ಅಂದ. ಎಲ್ಡು ಲಕ್ಷ ಇಪ್ಪತ್ತು ಸಾವಿರ. ಮುಂಜಾನೆ ಹತ್ತು ಸಾವಿರ ಹಾಕೇನ್ರಿ ಅವಗ.’

‘ನನಗ ತಮ್ಮಾನ ಇಲ್ಲಲ್ರೀ!’

ಎರಡು ಫೋನುಗಳನ್ನು ಗಾಡಿಯ ಬಾನೆಟ್ ಮೇಲೆ ಪಕ್ಕಪಕ್ಕ ಇಡುತ್ತಾರೆ. ಒಂದರಲ್ಲಿ ‘ಪಣಜಿ ಪಾರ್ಟಿ’, ಇನ್ನೊಂದರಲ್ಲಿ ‘ಕಾರ್ ತಮ್ಮ’. ನಂಬರ್ ಒಂದೇ. ಗೌಂಡಿಯ ಫೋನಿನಲ್ಲಿ ಆರ್‌ಸಿ ಫೋಟೋ ಇದೆ, ‘ನಮ್ಮ ಅಣ್ಣನ ಗಾಡಿ, ಇದು ಅವನ ಆಧಾರ್’ ಎಂಬ ಸಾಲಿನೊಂದಿಗೆ. ದೊಡ್ಡದು ಮಾಡಿದರೆ ಆರ್‌ಸಿಯ ಮೂಲೆ ಹಿಡಿದ ಹೆಬ್ಬೆರಳು ಕಾಣುತ್ತದೆ, ಮಷಿನ್ನಿಗೆ ಸಿಕ್ಕು ಕಪ್ಪಾದ ಉಗುರು. ಅದೇ ಬೆರಳು ಈಗ ಪರದೆಯ ಮೇಲಿದೆ.

ಲೆಕ್ಕ ಹೀಗಿತ್ತು. ಗಾಡಿ ನೋಡಿ ಒಪ್ಪಿದ ಗೌಂಡಿ, ಉಳಿದ 2,10,000ವನ್ನು ‘ತಮ್ಮ’ ಕೊಟ್ಟ ಖಾತೆಗೆ ಹಾಕುತ್ತಿದ್ದರು. ಅದೇ ಹೊತ್ತಿಗೆ ಗೆಳೆಯನಿಗೆ 3,10,000 ಕಳಿಸಿದ ಹಾಗೆ ಒಂದು ಸ್ಕ್ರೀನ್‌ಶಾಟ್ ಬರುತ್ತಿತ್ತು, ಸರ್ವರ್ ನಿಧಾನ, ಅರ್ಧ ತಾಸಲ್ಲಿ ಬೀಳುತ್ತದೆ ಎನ್ನುವ ಮಾತಿನೊಂದಿಗೆ. ಗೆಳೆಯ ನಂಬಿ ಕೀಲಿ ಕೊಟ್ಟರೆ ಅವನಿಗೆ ಗಾಡಿ ಹೋಯಿತು. ನಂಬದೆ ಕೂತರೆ ಗೌಂಡಿಗೆ ದುಡ್ಡು ಹೋಯಿತು. ಎರಡರಲ್ಲೂ ಆಮೇಲೆ ಕೊರಳಪಟ್ಟಿ ಹಿಡಿದುಕೊಳ್ಳುವವರು ಈ ಇಬ್ಬರೇ. ಪೊಲೀಸರ ಮುಂದೆ ಬರುವ ಹೆಸರು, ಮುಖ, ಆಧಾರ್, ಗಾಡಿ ನಂಬರು ಎಲ್ಲವೂ ಗೆಳೆಯನದು. ಮೂರನೆಯವನು ವೆರ್ಣಾವನ್ನು ನಕ್ಷೆಯಲ್ಲೂ ನೋಡಿರಲಿಕ್ಕಿಲ್ಲ. ಅವನಿಗೆ ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ, ಆ್ಯಪ್ ಒಡೆಯುವ ವಿದ್ಯೆಯೂ ಬೇಕಿಲ್ಲ. ಎದುರುಬದುರು ಕೂತ ಇಬ್ಬರು ಪ್ರಾಮಾಣಿಕರು ಒಂದು ತಾಸು ರೇಟಿನ ಮಾತು ಎತ್ತದಿದ್ದರೆ ಸಾಕು. ಕ್ಯೂಆರ್ ಕಳಿಸುವ ಜವಾನನಿಗಿಂತ ಇವನು ಎಷ್ಟೋ ಪಟ್ಟು ಅಪಾಯಕಾರಿ ಎಂದು ನಾನು ಹೇಳುವುದು ಅದಕ್ಕೇ.

‘1930ಕ್ಕ ಹಚ್ಚರಿ ಮೊದ್ಲ. ಬೈಯೂದು ಆಮ್ಯಾಲ’ ಎನ್ನುತ್ತೇನೆ. ಗೌಂಡಿ ಕಳ್ಳನಿಗೇ ಫೋನ್ ಹಚ್ಚಲು ಹೊರಟಿದ್ದಾರೆ. ಅದು ಬೇಡ, ಗೊತ್ತಾಯಿತೆಂದು ತಿಳಿದರೆ ಅವನು ದುಡ್ಡು ಮುಂದಕ್ಕೆ ದಾಟಿಸುತ್ತಾನೆ.

1930 ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. 2021ರ ಏಪ್ರಿಲ್‌ನಲ್ಲಿ ಇದು ಶುರುವಾದಾಗ ನಂಬರ್ 155260 ಇತ್ತು. ಫೋನ್ ಎತ್ತಿದವರು ಗೌಂಡಿಯ ಹೆಸರು, ಬ್ಯಾಂಕು, ಎಷ್ಟು ಗಂಟೆಗೆ ಹಾಕಿದಿರಿ, ಎಷ್ಟು ಹಾಕಿದಿರಿ ಎಂದು ಕೇಳುತ್ತಾರೆ, ಆಮೇಲೆ ಯುಪಿಐ ವ್ಯವಹಾರದ ಹನ್ನೆರಡಂಕಿಯ ನಂಬರ್ ಓದಿಸುತ್ತಾರೆ. ಹುಡುಗ ಓದುತ್ತಾನೆ, ಒಂದೊಂದೇ ಅಂಕಿ, ಹಿಂದಿಯಲ್ಲಿ. ಆ ನಂಬರ್ ಹಿಡಿದು ದೂರು ದುಡ್ಡು ಹೋದ ಬ್ಯಾಂಕಿಗೆ ತಲುಪುತ್ತದೆ. ಅಲ್ಲಿ ಇನ್ನೂ ಇದ್ದರೆ ತಡೆ ಬೀಳುತ್ತದೆ, ದಾಟಿದ್ದರೆ ಮುಂದಿನ ಬ್ಯಾಂಕಿಗೆ ಬೆನ್ನುಹತ್ತುತ್ತದೆ. ದೂರಿನ ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಅದನ್ನಿಟ್ಟುಕೊಂಡು ಸೈಬರ್ ಅಪರಾಧದ ಪೋರ್ಟಲ್‌ನಲ್ಲಿ ವಿವರ ತುಂಬಬೇಕು, ಅದನ್ನು ರಾತ್ರಿ ಹುಡುಗ ಮಾಡುತ್ತಾನೆ.

‘ಸಿಗತಾವೇನ್ರಿ?’ ಗೌಂಡಿ ಕೇಳುತ್ತಾರೆ. ಮುಂಜಾನೆ ಏಳಕ್ಕೆ ಹಾಕಿದ ದುಡ್ಡು, ಈಗ ಹನ್ನೆರಡು. ಏನೆನ್ನಲಿ. ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್, ಉತ್ತರಪ್ರದೇಶದ ಮಥುರಾ ನಡುವಿನ ಮೇವಾತದ ಮೂಲೆ ಇಂಥ ಫೋನುಗಳಿಗೆ ಪೊಲೀಸರ ಕಡತದಲ್ಲಿ ಹೆಸರಾದದ್ದು. 2023ರ ಏಪ್ರಿಲ್ ಕೊನೆಯಲ್ಲಿ ನೂಹ್ ಜಿಲ್ಲೆಯ 14 ಹಳ್ಳಿಗಳಿಗೆ ಹರಿಯಾಣ ಪೊಲೀಸರು 5,000 ಮಂದಿಯ ಪಡೆ ಕಟ್ಟಿಕೊಂಡು ಒಂದೇ ರಾತ್ರಿ ನುಗ್ಗಿದ್ದರು. ಅಷ್ಟು ಮಂದಿ ಬೇಕಾಗುವ ದಂಧೆ ಇದು. ಇವತ್ತಿನವನು ಅಲ್ಲಿಯವನೋ ನಮ್ಮ ಪಕ್ಕದ ಬೀದಿಯವನೋ, ದನಿಯಲ್ಲಿ ಗೊತ್ತಾಗುವುದಿಲ್ಲ.

ಒಂದಿಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಗೌಂಡಿ ಗಾಡಿಯ ಕಡೆ ತಿರುಗಿ ಎನ್ನುತ್ತಾರೆ, ‘ಖರೇ ರೇಟ್ ಎಷ್ಟ್ರಿ ಹಂಗಾರ?’

‘ಮೂರು ಹತ್ತು ಹೇಳೀನ್ರಿ.’

‘ಹಿಂದಿನ ಬಾಗ್ಲಾ ಬಡದೈತಿ. ಟಯರ್ ಎಲ್ಡು ಮುಗದಾವು. ಎಲ್ಡು ಐವತ್ತು.’

‘ಎಲ್ಡು ತೊಂಬತ್ತು. ನಮ್ಮ ಕಡೇರು ಅಂತ.’

ಹೀಗೆ ಮುಕ್ಕಾಲು ತಾಸು. 2,75,000ಕ್ಕೆ ನಿಲ್ಲುತ್ತದೆ. ಗೌಂಡಿಗೆ ಕೈಗೆ ನಗದು ಕೊಡುವ ಆಸೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ಬಂದ್ ಮಾಡಿದೆ, ದಂಡ ಪಡೆದವನಿಗೇ, ಪಡೆದಷ್ಟೇ. ಅಳಿಯನ ಖಾತೆಯಿಂದ ಅರ್ಧ ಹಾಕಿಸಲೇ ಎನ್ನುತ್ತಾರೆ. ಗೆಳೆಯ ಅದಕ್ಕೂ ಒಪ್ಪುವುದಿಲ್ಲ, ಒಪ್ಪದಿದ್ದದ್ದು ಸರಿ. ಗುರುತಿಲ್ಲದ ಖಾತೆಯಿಂದ ಬಂದ ದುಡ್ಡು ಎಲ್ಲೋ ಯಾರನ್ನೋ ದೋಚಿದ್ದಾದರೆ, ದೂರದ ರಾಜ್ಯದ ಸೈಬರ್ ಠಾಣೆ ಬರೆದ ಒಂದು ಪತ್ರಕ್ಕೆ ಪಡೆದವನ ಖಾತೆಯೂ ನಿಂತುಹೋಗುತ್ತದೆ. ಅಳಿಯ ಗೌಂಡಿಗೆ ಹಾಕಲಿ, ಗೌಂಡಿ ತಮ್ಮ ಖಾತೆಯಿಂದ ಹಾಕಲಿ. ಆರ್‌ಸಿ ಯಾರ ಹೆಸರಿಗೋ, ದುಡ್ಡೂ ಅವರ ಹೆಸರಿನಿಂದ.

ಸೋಮವಾರ ಗೆಳೆಯ ಅರ್ಧ ದಿನ ರಜೆ ಹಾಕಿದ್ದಾನೆ. ಗೌಂಡಿಯ ಖಾತೆ ಇರುವ ಶಾಖೆಯ ಕೌಂಟರಿನ ಮುಂದೆ ಮೂವರೂ ನಿಂತಿದ್ದೇವೆ. ಎರಡು ಲಕ್ಷ ಮೇಲ್ಪಟ್ಟದ್ದು, ಆರ್‌ಟಿಜಿಎಸ್ ಫಾರ್ಮ್. ಗೆಳೆಯನ ಖಾತೆ ನಂಬರ್, ಐಎಫ್‌ಎಸ್‌ಸಿ ಹೊಡೆದೊಡನೆ ಗುಮಾಸ್ತೆಯ ಪರದೆಯಲ್ಲಿ ಅವನ ಹೆಸರು ಬರುತ್ತದೆ. ಪಡೆಯುವವರ ಹೆಸರು ಹೀಗೆ ಮೊದಲೇ ತೋರಿಸುವ ಸೌಲಭ್ಯ 2025ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕಿನಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ‘ಇವರೇನಾ?’ ಎಂದು ಕೇಳುತ್ತಾರೆ. ಗೌಂಡಿ ತಿರುಗಿ ಗೆಳೆಯನ ಮುಖವನ್ನೇ ನೋಡಿ ಹೌದು ಎನ್ನುತ್ತಾರೆ. 22 ಅಕ್ಷರಗಳ ಯುಟಿಆರ್ ನಂಬರಿನ ಚೀಟಿ ಹರಿದು ಬರುತ್ತದೆ. ಗೆಳೆಯ ಚೀಟಿ ನೋಡುವುದಿಲ್ಲ, ಮೆಸೇಜೂ ನೋಡುವುದಿಲ್ಲ, ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುತ್ತಾನೆ.

ಬ್ಯಾಂಕಿನ ಹೊರಗಿನ ಕಟ್ಟೆಯ ಮೇಲೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30. ಹೆಸರು ಆಮೇಲೆ ಬದಲಿಸಿಕೊಂಡರಾಯಿತು ಎನ್ನುವ ಗೌಂಡಿಯ ಮಾತಿಗೆ ಗೆಳೆಯ ಜಗ್ಗುವುದಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣವಿದೆ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನದು. ಕೈಯಿಂದ ಕೈಗೆ ದಾಟಿದ್ದ ಕಾರು, 2009ರಲ್ಲಿ ಅಪಘಾತ. ಆರ್‌ಸಿಯಲ್ಲಿ ಇನ್ನೂ ಹೆಸರಿದ್ದ ಮೊದಲಿನವನೇ ಪರಿಹಾರ ಕೊಡಬೇಕೆಂದು ಕೋರ್ಟ್ ಹೇಳಿತು. ಅದಕ್ಕೇ ಇಲ್ಲಿಂದ ನೇರ ಮಡಗಾಂವ್ ಆರ್‌ಟಿಒ. ಫಾಸ್ಟ್ಯಾಗ್ ಖಾತೆಯನ್ನು ಗೆಳೆಯ ರಾತ್ರಿಯೇ ಮುಚ್ಚಿಸಿದ್ದಾನೆ, ಗಾಜಿನ ಮೇಲಿನ ಸ್ಟಿಕ್ಕರ್ ಈಗ ಉಗುರಿನಿಂದ ಕೆರೆಯುತ್ತಾನೆ. ಗಾಡಿ ಕೊಟ್ಟ ತಾರೀಖು, ಗಂಟೆ, ನಿಮಿಷ ಬರೆದ ಚೀಟಿಗೆ ಇಬ್ಬರ ಸಹಿ.

ಗೌಂಡಿ ಡಿಕ್ಕಿ ತೆರೆದು ಸ್ಟೆಪ್ನಿ ಒತ್ತಿ ನೋಡುತ್ತಾರೆ. ಜಾಕ್ ಇದೆ, ಪಾನಾ ಇದೆ. ಕೀಲಿ ಕೈಗೆ ಬಂದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳುತ್ತಾರೆ:

‘ಇನ್ನೊಂದು ಕೀಲಿ ಎಲ್ಲೈತ್ರಿ?’

‘ಅದು ಊರಾಗ ಐತ್ರಿ ಕಾಕಾ. ಬಂದಾಗ ತಂದ ಕೊಡ್ತೇನಿ.’

‘ತರೂತನಕ ಐನೂರು ನನ್ನ ಕಡೆ ಇರ್ಲಿ, ಕೊಡ್ರಿ.’